ಕಾಲ್ಚೆಂಡಾಟದ ‘ಆಫ್‌ಸೈಡ್’ ನಿಯಮ: ಒಂದು ವಿವೇಚನೆ

ಸ್ಮರಣ ಸಂಚಿಕೆಯ ಪುಟಗಳಲ್ಲಿ ಕಾಲ್ಚೆಂಡಾಟದ ಒಂದು ನಿಯಮಕ್ಕೆ ಇಷ್ಟು ಸ್ಥಳವೇಕೆಂದು ಕೆಲವು ವಾಚಕರು ಕೇಳಬಹುದು. ಈ ಆಟಕ್ಕೆ ಒಟ್ಟು ಹದಿನೇಳು ನಿಯಮಗಳಿವೆ. ಅವುಗಳಲ್ಲಿ ಬಹುಪಾಲನ್ನು ಐದನೆಯ ತರಗತಿಯ ಬಾಲಕನೂ ಒಂದು ಸಂಜೆಯಲ್ಲಿ ಕಲಿತುಬಿಡುತ್ತಾನೆ. ಆದರೆ ಹನ್ನೊಂದನೆಯದಾದ ‘ಆಫ್‌ಸೈಡ್’ ನಿಯಮದ ಮಾತೆತ್ತಿದೊಡನೆ, ಹತ್ತಾರು ವರ್ಷ ಆಟ ನೋಡಿದ ಹಿರಿಯರೂ ತಡವರಿಸುತ್ತಾರೆ. ಬಾವುಟ ಮೇಲೆದ್ದಾಗ ಅರ್ಧ ಮೈದಾನ ಚಪ್ಪಾಳೆ ತಟ್ಟುತ್ತದೆ, ಉಳಿದರ್ಧ ಮೈದಾನ ರೆಫರಿಯನ್ನು ಶಪಿಸುತ್ತದೆ. ಎರಡೂ ಕಡೆಯವರಲ್ಲಿ ಕಾರಣ ಬಲ್ಲವರು ವಿರಳ. ಅರಿಯದೆ ಶಪಿಸುವುದಕ್ಕಿಂತ ಅರಿತು ಒಪ್ಪುವುದು ಮೇಲು ಎಂಬ ಭಾವನೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಇದಕ್ಕೆ ನನ್ನದೇ ಆದ ಇನ್ನೊಂದು ಕಾರಣವೂ ಉಂಟು. ನಾನು ವೃತ್ತಿಯಿಂದ ಗಣಿತದ ಅಧ್ಯಾಪಕ. ಸೇವೆಗೆ ಸೇರಿದ ಹೊಸತರಲ್ಲಿ ಒಂದು ಅಂತರ್‌ಶಾಲಾ ಪಂದ್ಯಕ್ಕೆ ರೇಖೆಯ ಬಳಿ ಬಾವುಟ ಹಿಡಿದು ನಿಲ್ಲಬೇಕಾಯಿತು. ದೈಹಿಕ ಶಿಕ್ಷಕರು ಅಂದು ರಜೆಯಲ್ಲಿದ್ದರು. ನನಗೆ ನಿಯಮ ಗೊತ್ತಿದೆಯೆಂಬ ವಿಶ್ವಾಸ ಎಲ್ಲರಿಗೂ ಇತ್ತು, ನನಗಂತೂ ತುಸು ಹೆಚ್ಚಾಗಿಯೇ ಇತ್ತು. ಆಟ ಮುಗಿಯಲು ಎರಡು ನಿಮಿಷವಿರುವಾಗ, ಒಂದು ಗೋಲಿನಿಂದ ಹಿಂದಿದ್ದ ಹಳ್ಳಿಯ ಶಾಲೆಯ ಹುಡುಗನೊಬ್ಬ ಮೈದಾನದ ಆಚೆ ಬದಿಯಿಂದ ಓಡಿಬಂದು ಗೋಲು ಹೊಡೆದ. ನಾನು ಬಾವುಟ ಎತ್ತಿದೆ. ಗೋಲು ರದ್ದಾಯಿತು, ಅವರು ಸೋತರು. ಆ ಹುಡುಗ ವಾದಿಸಲಿಲ್ಲ. ಚೆಂಡನ್ನು ತಾನೇ ಎತ್ತಿ ತಂದು ನಾನು ತೋರಿಸಿದ ಜಾಗದಲ್ಲಿ ಇಟ್ಟು ಹಿಂದೆ ಸರಿದ. ಪಂದ್ಯವಾದ ಮೇಲೆ ಪ್ರೇಕ್ಷಕರ ನಡುವಿನಿಂದ ಎದ್ದುಬಂದ ನಿವೃತ್ತ ರೆಫರಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, “ಹುಡುಗ ಎಲ್ಲಿದ್ದನೆಂಬುದು ಆಮೇಲಿನ ಮಾತು, ಮಾಸ್ತರೇ, ನೀವು ಎಲ್ಲಿ ನಿಂತಿದ್ದಿರಿ?” ಎಂದು ಕೇಳಿದರು. ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ದೊರೆತದ್ದು ನಿಯಮವನ್ನು ಬುಡದಿಂದ ಓದಿದ ಮೇಲೆ.

ನಿಯಮ ಹುಟ್ಟಿದ ಬಗೆ

ಯಾವ ನಿಯಮವನ್ನಾದರೂ ಅರಿಯಬೇಕಾದರೆ ಅದು ಇಲ್ಲದಿದ್ದರೆ ಏನಾಗುತ್ತಿತ್ತೆಂದು ಮೊದಲು ಯೋಚಿಸಬೇಕು. ಆಫ್‌ಸೈಡ್ ನಿಯಮವಿಲ್ಲದ ಆಟದಲ್ಲಿ ಚತುರನಾದ ಒಬ್ಬ ಆಟಗಾರ ಎದುರಾಳಿಗಳ ಗೋಲಿನ ಬಾಯಲ್ಲೇ ಬೀಡುಬಿಟ್ಟು ನಿಲ್ಲುತ್ತಾನೆ. ಅವನ ಸಂಗಡಿಗರು ದೂರದಿಂದ ಚೆಂಡನ್ನು ಅವನತ್ತ ಎತ್ತಿ ಒದೆಯುತ್ತಾರೆ, ಅವನು ಒಳಕ್ಕೆ ತಳ್ಳುತ್ತಾನೆ. ಅವನನ್ನು ಕಾಯಲು ಎದುರಾಳಿಗಳೂ ಅಲ್ಲೇ ನಿಲ್ಲುತ್ತಾರೆ. ಮೈದಾನದ ನಡುಭಾಗ ಬರಿದಾಗುತ್ತದೆ. ಚೆಂಡನ್ನು ಪಳಗಿಸುವುದು, ಒಬ್ಬರಿಂದೊಬ್ಬರಿಗೆ ದಾಟಿಸುವುದು, ಜಾಗ ಹುಡುಕುವುದು ಎಂಬ ಕಲೆಗಳಿಗೆಲ್ಲ ಕೆಲಸವಿಲ್ಲದಂತಾಗುತ್ತದೆ.

ಈ ನಿಯಮದ ತವರು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಶಾಲೆಗಳೆಂಬುದು ಅಧ್ಯಾಪಕರಿಗೆ ಸ್ವಾರಸ್ಯದ ಸಂಗತಿ. ಈಟನ್ ಶಾಲೆಯ ಬಾಲಕರು ಇಂಥ ಆಟಗಾರನ ನಡತೆಗೆ ‘ಸ್ನೀಕಿಂಗ್’, ಎಂದರೆ ಕಳ್ಳಹೆಜ್ಜೆಯಲ್ಲಿ ನುಸುಳುವುದು, ಎಂದು ಹೆಸರಿಟ್ಟಿದ್ದರು. ರಗ್ಬಿ ಶಾಲೆಯ 1845ರ ನಿಯಮಾವಳಿಯಲ್ಲಿ ಅಂಥವನು ‘ತನ್ನ ಪಕ್ಷದಿಂದ ಹೊರಗಾದವನು’ ಎಂಬರ್ಥದ ಮಾತಿದೆ. ‘ಆಫ್‌ಸೈಡ್’ ಎಂಬ ಪದದಲ್ಲಿರುವ ‘ಸೈಡ್’ ಮೈದಾನದ ಬದಿಯಲ್ಲ, ಆಟಗಾರನ ಪಕ್ಷ. ಸಂಗಡಿಗರಿಂದ ಕಳಚಿಕೊಂಡು ಒಬ್ಬನೇ ಮುಂದೆ ಹೋಗಿ ನಿಂತು ಫಲಕ್ಕಾಗಿ ಕಾಯುವವನು ಎಂಬ ಭಾವ ಆ ಒಂದು ಶಬ್ದದಲ್ಲೇ ಅಡಗಿದೆ.

1863ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಸ್ಥಾಪನೆಯಾಗಿ ಮೊದಲ ನಿಯಮಾವಳಿ ರೂಪುಗೊಂಡಾಗ ಈ ನಿಯಮ ಬಹಳ ಕಠಿಣವಾಗಿತ್ತು. ಚೆಂಡಿಗಿಂತ ಮುಂದಿರುವ ಯಾವ ಸಂಗಡಿಗನೂ ಆಟದಲ್ಲಿ ಭಾಗವಹಿಸುವಂತಿರಲಿಲ್ಲ. ಎಂದರೆ ಚೆಂಡನ್ನು ಮುಂದಕ್ಕೆ ದಾಟಿಸುವುದೇ ಸಾಧ್ಯವಿರಲಿಲ್ಲ. ಇನ್ನೊಂದು ತುದಿಯಲ್ಲಿ ಷೆಫೀಲ್ಡ್ ನಗರದ ಕ್ಲಬ್ಬಿನವರ 1858ರ ನಿಯಮಗಳಲ್ಲಿ ಆಫ್‌ಸೈಡ್ ಎಂಬುದೇ ಇರಲಿಲ್ಲ. ಅತಿಬಿಗಿಗೂ ಅತಿಸಡಿಲಕ್ಕೂ ನಡುವಿನ ಹಾದಿ 1866ರಲ್ಲಿ ದೊರೆಯಿತು: ತನಗೂ ಗೋಲುರೇಖೆಗೂ ನಡುವೆ ಕನಿಷ್ಠ ಮೂವರು ಎದುರಾಳಿಗಳಿದ್ದರೆ ಆಟಗಾರನು ಚೆಂಡಿಗಿಂತ ಮುಂದಿರಬಹುದು. 1907ರಲ್ಲಿ ತನ್ನ ಅರ್ಧದಲ್ಲಿರುವ ಆಟಗಾರನಿಗೆ ಈ ನಿಯಮ ಅನ್ವಯಿಸದೆಂದು ತೀರ್ಮಾನವಾಯಿತು. 1911ರ ಜುಲೈ 29ರಂದು ಕಲ್ಕತ್ತೆಯಲ್ಲಿ ಮೋಹನ್ ಬಾಗಾನ್ ತಂಡದವರು ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2–1 ಗೋಲುಗಳಿಂದ ಸೋಲಿಸಿ ಐ.ಎಫ್.ಎ. ಷೀಲ್ಡ್ ಗೆದ್ದದ್ದು ಈ ಮೂವರ ನಿಯಮದ ಕಾಲದಲ್ಲಿಯೇ.

ಕ್ರಮೇಣ ರಕ್ಷಕರು ಈ ನಿಯಮವನ್ನೇ ಬಲೆಯಾಗಿ ಮಾಡಿಕೊಂಡರು. ನ್ಯೂಕ್ಯಾಸಲ್ ತಂಡದ ಬಿಲ್ ಮೆಕ್ರಾಕೆನ್ ಎಂಬ ರಕ್ಷಕ ಇದರಲ್ಲಿ ನಿಷ್ಣಾತ. ಎದುರಾಳಿಗಳು ಚೆಂಡು ದಾಟಿಸುವ ಮುನ್ನ ಒಬ್ಬ ರಕ್ಷಕ ಎರಡು ಹೆಜ್ಜೆ ಮುಂದೆ ಸರಿದರೆ ಸಾಕು, ಅವರ ಮುಂಚೂಣಿಯ ಆಟಗಾರರೆಲ್ಲ ಆಫ್‌ಸೈಡ್ ಆಗಿಬಿಡುತ್ತಿದ್ದರು. ಬಾವುಟ ಏಳುವುದೂ ಶಿಳ್ಳು ಊದುವುದೂ ಹೆಚ್ಚಾಗಿ, ಆಟ ಕುಂಟತೊಡಗಿತು. 1925ರಲ್ಲಿ ‘ಮೂವರು’ ಎಂಬಲ್ಲಿ ‘ಇಬ್ಬರು’ ಎಂದು ತಿದ್ದಲಾಯಿತು. ಒಂದು ಶಬ್ದದ ಈ ತಿದ್ದುಪಡಿಯ ಪರಿಣಾಮವನ್ನು ಅಂಕೆಗಳೇ ಹೇಳುತ್ತವೆ. ಇಂಗ್ಲಿಷ್ ಫುಟ್‌ಬಾಲ್ ಲೀಗಿನ 1924–25ರ ಸಾಲಿನ 1,848 ಪಂದ್ಯಗಳಲ್ಲಿ 4,700 ಗೋಲುಗಳಾಗಿದ್ದರೆ, ಮರುವರ್ಷ ಅಷ್ಟೇ ಪಂದ್ಯಗಳಲ್ಲಿ 6,373 ಗೋಲುಗಳಾದವು. ಈ ಪ್ರವಾಹವನ್ನು ತಡೆಯಲೆಂದು ಆರ್ಸೆನಲ್ ತಂಡದ ಹರ್ಬರ್ಟ್ ಚಾಪ್‌ಮನ್ ನಡುವಿನ ಆಟಗಾರನನ್ನು ಹಿಂದಕ್ಕೆ ಕರೆದು ರಕ್ಷಣೆಗೆ ನಿಲ್ಲಿಸಿದರು. ಮುಂದೆ ದಶಕಗಳ ಕಾಲ ಆ ವ್ಯೂಹವೇ ಜಗತ್ತಿನಾದ್ಯಂತ ಮಾದರಿಯಾಯಿತು.

ಮೂರು ಪ್ರಶ್ನೆಗಳು

ಇಂದಿನ ನಿಯಮವನ್ನು ಮೂರು ಪ್ರಶ್ನೆಗಳಾಗಿ ಬಿಡಿಸಿಕೊಂಡರೆ ಗೊಂದಲ ಬಹುಮಟ್ಟಿಗೆ ಪರಿಹಾರವಾಗುತ್ತದೆ. ಎಲ್ಲಿ? ಯಾವಾಗ? ಏನು ಮಾಡಿದ? ಮೂರಕ್ಕೂ ಉತ್ತರ ದೊರೆಯುವ ತನಕ ತೀರ್ಪು ಕೊಡಲಾಗದು.

ಮೊದಲನೆಯದು, ಎಲ್ಲಿ? ಆಟಗಾರನು ಎದುರಾಳಿಗಳ ಅರ್ಧದಲ್ಲಿರಬೇಕು, ಚೆಂಡಿಗಿಂತ ಮುಂದಿರಬೇಕು, ಗೋಲುರೇಖೆಯ ಕಡೆಯಿಂದ ಎಣಿಸಿದಾಗ ಎರಡನೆಯವನಾದ ಎದುರಾಳಿಗಿಂತಲೂ ಮುಂದಿರಬೇಕು. ಈ ಮೂರೂ ಕೂಡಿದರೆ ಮಾತ್ರ ಅವನು ಆಫ್‌ಸೈಡ್ ಸ್ಥಾನದಲ್ಲಿದ್ದಾನೆ. ಒಂದು ತಪ್ಪಿದರೂ ಇಲ್ಲ. ಸಂಗಡಿಗನು ಚೆಂಡನ್ನು ಹಿಂದಕ್ಕೆ ದಾಟಿಸಿದಾಗ, ಚೆಂಡಿಗಿಂತ ಹಿಂದಿದ್ದು ಅದನ್ನು ಪಡೆದವನು ಎಂದಿಗೂ ಆಫ್‌ಸೈಡ್ ಅಲ್ಲ. ಎರಡನೆಯ ಎದುರಾಳಿಗೆ ಸರಿಸಮನಾಗಿ ನಿಂತವನೂ ಅಲ್ಲ. ಸಂದೇಹದ ಲಾಭವನ್ನು ಗೋಲಿನತ್ತ ಧಾವಿಸುವವನಿಗೆ ಕೊಡುವ ಈ ಸುಧಾರಣೆ ಬಂದದ್ದು 1990ರಲ್ಲಿ. ಅಳೆಯುವಾಗ ತಲೆ, ಮೈ, ಕಾಲುಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ತೋಳು ಮತ್ತು ಕೈಗಳಿಂದ ಗೋಲು ಹೊಡೆಯುವಂತಿಲ್ಲವಾದ್ದರಿಂದ ಅವು ಎಷ್ಟು ಮುಂದೆ ಚಾಚಿದ್ದರೂ ಬಾಧಕವಿಲ್ಲ.

ಇಲ್ಲಿ ಒಂದು ಸಾಮಾನ್ಯ ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ‘ಗೋಲ್‌ಕೀಪರನನ್ನು ಬಿಟ್ಟು ಒಬ್ಬ ರಕ್ಷಕನಿರಬೇಕು’ ಎಂದು ನಮ್ಮಲ್ಲಿ ಅನೇಕರು ಮಕ್ಕಳಿಗೆ ಹೇಳಿಕೊಡುತ್ತೇವೆ. ಈ ಎಣಿಕೆಯಲ್ಲಿ ನಿಯಮವು ಗೋಲ್‌ಕೀಪರನ ಹೆಸರನ್ನೇ ಎತ್ತುವುದಿಲ್ಲ. ಇಬ್ಬರು ಎದುರಾಳಿಗಳು ಎಂದಷ್ಟೇ ಹೇಳುತ್ತದೆ. 2010ರ ಜೂನ್ 11ರಂದು ಜೊಹಾನ್ಸ್‌ಬರ್ಗಿನಲ್ಲಿ ವಿಶ್ವಕಪ್ಪಿನ ಮೊದಲ ಪಂದ್ಯ ನಡೆದಾಗ ಮೆಕ್ಸಿಕೊದ ಕಾರ್ಲೋಸ್ ವೆಲಾ ಹೊಡೆದ ಗೋಲನ್ನು ರದ್ದುಪಡಿಸಲಾಯಿತು. ಗೋಲುರೇಖೆಯ ಬಳಿ ದಕ್ಷಿಣ ಆಫ್ರಿಕದ ಒಬ್ಬ ರಕ್ಷಕ ನಿಂತಿದ್ದುದನ್ನು ಕಂಡ ಪ್ರೇಕ್ಷಕರಿಗೆ ಇದು ಘೋರ ಅನ್ಯಾಯವೆನಿಸಿತು. ಆದರೆ ಅವರ ಗೋಲ್‌ಕೀಪರನು ಚೆಂಡಿಗಾಗಿ ಮುಂದೆ ಬಂದಿದ್ದ. ವೆಲಾನ ಮುಂದೆ ಉಳಿದಿದ್ದವನು ಒಬ್ಬನೇ. ತೀರ್ಪು ಸರಿಯಾಗಿತ್ತು, ಲೆಕ್ಕ ತಪ್ಪಿದ್ದು ನೋಡಿದವರದು.

ಎರಡನೆಯದು, ಯಾವಾಗ? ಸಂಗಡಿಗನ ಕಾಲು ಚೆಂಡನ್ನು ಮುಟ್ಟಿದ ಕ್ಷಣದಲ್ಲಿ ಆಟಗಾರನು ಎಲ್ಲಿದ್ದನೆಂಬುದೇ ಮುಖ್ಯ, ಚೆಂಡು ಅವನನ್ನು ತಲುಪಿದಾಗ ಎಲ್ಲಿದ್ದನೆಂಬುದಲ್ಲ. ಒದೆತ ಬಿದ್ದಾಗ ಹಿಂದಿದ್ದು, ಚೆಂಡು ಗಾಳಿಯಲ್ಲಿರುವಾಗ ರಕ್ಷಕರನ್ನು ಹಿಂದಿಕ್ಕಿ ಓಡಿದವನು ನಿರ್ದೋಷಿ. ಒದೆತ ಬಿದ್ದಾಗ ಮುಂದಿದ್ದು, ಆಮೇಲೆ ಹಿಂದಕ್ಕೆ ಓಡಿಬಂದು ಚೆಂಡನ್ನು ಪಡೆದವನು ದೋಷಿ. ನಮ್ಮ ಕಣ್ಣು ಸಹಜವಾಗಿ ಚೆಂಡನ್ನು ಹಿಂಬಾಲಿಸುತ್ತದೆ. ಚೆಂಡು ಇಳಿಯುವ ಹೊತ್ತಿಗೆ ಆಟಗಾರನೊಬ್ಬ ಒಂಟಿಯಾಗಿ ಮುಂದಿರುವುದನ್ನು ಕಂಡು ‘ಆಫ್‌ಸೈಡ್!’ ಎಂದು ಕೂಗುತ್ತೇವೆ. ಮೈದಾನದ ಜಗಳಗಳಲ್ಲಿ ಅರ್ಧದಷ್ಟಕ್ಕೆ ಈ ಒಂದು ಮರೆವೇ ಮೂಲ.

ಮೂರನೆಯದು, ಏನು ಮಾಡಿದ? ಆಫ್‌ಸೈಡ್ ಸ್ಥಾನದಲ್ಲಿ ನಿಲ್ಲುವುದು ತನ್ನಷ್ಟಕ್ಕೆ ಅಪರಾಧವಲ್ಲ. ಇದು ನಿಯಮದ ಮೊದಲ ಮಾತು, ಎಲ್ಲರೂ ಮರೆಯುವ ಮಾತೂ ಹೌದು. ಅಲ್ಲಿ ನಿಂತವನು ಚೆಂಡನ್ನು ಮುಟ್ಟಿದರೆ, ಎದುರಾಳಿಗೆ ಅಡ್ಡಿಪಡಿಸಿದರೆ, ಗೋಲ್‌ಕೀಪರನ ಕಣ್ಣಿಗೆ ಮರೆಯಾದರೆ, ಇಲ್ಲವೆ ಕಂಬಕ್ಕೊ ರಕ್ಷಕನಿಗೊ ತಗುಲಿ ಹಿಮ್ಮರಳಿದ ಚೆಂಡನ್ನು ಒದೆದು ಲಾಭ ಪಡೆದರೆ ಮಾತ್ರ ಶಿಕ್ಷೆ. ಯಾವುದರಲ್ಲೂ ಕೈಯಿಕ್ಕದೆ ಸುಮ್ಮನೆ ಹಿಂದಿರುಗುತ್ತಿರುವವನನ್ನು ನಿಯಮ ಕಾಡುವುದಿಲ್ಲ. ಗೋಲ್‌ಕಿಕ್, ಕಾರ್ನರ್ ಕಿಕ್ ಮತ್ತು ಪಾರ್ಶ್ವರೇಖೆಯಿಂದ ಚೆಂಡನ್ನು ಎಸೆಯುವ ಥ್ರೋ–ಇನ್ ಇವುಗಳಿಂದ ಚೆಂಡನ್ನು ನೇರವಾಗಿ ಪಡೆದವನಿಗೂ ಆಫ್‌ಸೈಡ್ ಇಲ್ಲ. ಅಪರಾಧಕ್ಕಿರುವ ಶಿಕ್ಷೆಯೂ ಸೌಮ್ಯವಾದುದು: ಎದುರಾಳಿಗಳಿಗೆ ಒಂದು ಪರೋಕ್ಷ ಫ್ರೀ ಕಿಕ್. ಎಚ್ಚರಿಕೆಯ ಚೀಟಿಯಿಲ್ಲ, ಕಳಂಕವೂ ಇಲ್ಲ.

ರಕ್ಷಕರ ಜಾಣತನಕ್ಕೂ ನಿಯಮ ಕಡಿವಾಣ ಹಾಕಿದೆ. 2008ರ ಯುರೋಪಿಯನ್ ಚಾಂಪಿಯನ್‌ಷಿಪ್ಪಿನಲ್ಲಿ ನೆದರ್ಲೆಂಡ್ಸಿನ ವಾನ್ ನಿಸ್ಟೆಲ್‌ರಾಯ್ ಇಟಲಿಯ ವಿರುದ್ಧ ಗೋಲು ಹೊಡೆದಾಗ ಇಟಲಿಯ ರಕ್ಷಕ ಪನೂಚಿ ಗೋಲುರೇಖೆಯ ಆಚೆ, ಮೈದಾನದ ಹೊರಗೆ ಬಿದ್ದಿದ್ದರು. ಮೈದಾನದೊಳಗೆ ಇಬ್ಬರು ಎದುರಾಳಿಗಳಿಲ್ಲವೆಂದು ಬಹುಜನ ಆಕ್ಷೇಪಿಸಿದರೂ ಗೋಲು ಮಾನ್ಯವಾಯಿತು. ರೆಫರಿಯ ಅನುಮತಿಯಿಲ್ಲದೆ ಹೊರಗಿರುವ ರಕ್ಷಕನನ್ನು ರೇಖೆಯ ಮೇಲಿದ್ದಂತೆಯೇ ಎಣಿಸಬೇಕು. ಹಾಗಲ್ಲವಾದರೆ ಗೆರೆಯಿಂದ ಒಂದು ಹೆಜ್ಜೆ ಆಚೆ ಇಟ್ಟು ಎದುರಾಳಿಯನ್ನು ಆಫ್‌ಸೈಡ್ ಮಾಡುವುದು ರಕ್ಷಕರಿಗೆ ಸುಲಭದ ಆಟವಾಗುತ್ತಿತ್ತು.

ಕಣ್ಣಿನ ಮಿತಿ

ನಿಯಮವನ್ನು ಬಲ್ಲವನೂ ಏಕೆ ತಪ್ಪುತ್ತಾನೆ? ಇದಕ್ಕೆ ಉತ್ತರ ರೇಖಾಗಣಿತದಲ್ಲಿದೆ. ಸಹಾಯಕ ರೆಫರಿಯು ಎರಡನೆಯ ಎದುರಾಳಿಯ ನೇರಕ್ಕೆ ಪಾರ್ಶ್ವರೇಖೆಯಲ್ಲಿ ನಿಲ್ಲಬೇಕೆಂಬುದು ವಿಧಿ. ಅವನು ಎರಡು ಮೀಟರು ಗೋಲಿನ ಕಡೆಗೆ ಸರಿದು ನಿಂತಿದ್ದಾನೆಂದು ಭಾವಿಸಿ. ರಕ್ಷಕನು ಅವನಿಂದ 20 ಮೀಟರು ದೂರದಲ್ಲಿದ್ದಾನೆ. ದಾಳಿಯ ಆಟಗಾರನು ಇನ್ನೂ ಆಚೆ, 40 ಮೀಟರು ದೂರದಲ್ಲಿದ್ದಾನೆ. ರೆಫರಿಯ ಕಣ್ಣಿನಿಂದ ರಕ್ಷಕನ ಮೂಲಕ ಹಾದುಹೋಗುವ ದೃಷ್ಟಿರೇಖೆ ಆ 40 ಮೀಟರಿನ ದೂರವನ್ನು ಮುಟ್ಟುವಷ್ಟರಲ್ಲಿ ನಿಜವಾದ ಆಫ್‌ಸೈಡ್ ರೇಖೆಗಿಂತ ಎರಡು ಮೀಟರು ಹಿಂದಕ್ಕೆ, ಮಧ್ಯರೇಖೆಯತ್ತ, ಓರೆಯಾಗಿರುತ್ತದೆ. ಆದ್ದರಿಂದ ರಕ್ಷಕನಿಗಿಂತ ಒಂದು ಮೀಟರು ಹಿಂದಿರುವ ಆಟಗಾರನೂ ರೆಫರಿಯ ಕಣ್ಣಿಗೆ ಮುಂದಿರುವಂತೆಯೇ ಕಾಣುತ್ತಾನೆ. ಕಣ್ಣು ಸುಳ್ಳು ಹೇಳಲಿಲ್ಲ. ನಿಂತ ನೆಲ ಸುಳ್ಳು ಹೇಳಿತು. ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವು ಆಫ್‌ಸೈಡ್ ತಪ್ಪುಗಳಿಗೆ ಈ ದೃಷ್ಟಿಕೋನವೇ ಕಾರಣವೆಂದು ತೋರಿಸಿತು.

ಇದರ ಜೊತೆಗೆ ವೇಗ ಬೇರೆ. ಒಬ್ಬನು ಗೋಲಿನತ್ತ, ಮತ್ತೊಬ್ಬನು ಅದಕ್ಕೆ ವಿರುದ್ಧವಾಗಿ ಸೆಕೆಂಡಿಗೆ ಆರು ಮೀಟರು ವೇಗದಲ್ಲಿ ಓಡುತ್ತಿದ್ದರೆ, ಸೆಕೆಂಡಿನ ಹತ್ತನೆಯ ಒಂದು ಪಾಲಿನಲ್ಲಿ ಅವರ ನಡುವಣ ಅಂತರ ಒಂದು ಮೀಟರಿಗೂ ಹೆಚ್ಚು ಬದಲಾಗುತ್ತದೆ. ಒದೆಯುವ ಕಾಲನ್ನೂ ಓಡುವ ದೇಹಗಳನ್ನೂ ಒಂದೇ ಕ್ಷಣದಲ್ಲಿ ಕಾಣುವುದು ಮನುಷ್ಯನಿಗೆ ಎಷ್ಟರಮಟ್ಟಿಗೆ ಸಾಧ್ಯವೆಂಬುದನ್ನು ವಾಚಕರೇ ಊಹಿಸಬಹುದು.

ಈ ಮಿತಿಯನ್ನು ಮೀರಲೆಂದು ಯಂತ್ರಗಳು ಬಂದಿವೆ. 2018ರ ರಷ್ಯದ ವಿಶ್ವಕಪ್ಪಿನಲ್ಲಿ ವಿಡಿಯೊ ನೋಡಿ ತೀರ್ಪನ್ನು ಪರಿಶೀಲಿಸುವ ವ್ಯವಸ್ಥೆ ಬಂತು. 2022ರ ಕತಾರ್ ವಿಶ್ವಕಪ್ಪಿನಲ್ಲಿ ಹನ್ನೆರಡು ಕ್ಯಾಮೆರಾಗಳು ಪ್ರತಿ ಆಟಗಾರನ ದೇಹದ 29 ಬಿಂದುಗಳನ್ನು ಸೆಕೆಂಡಿಗೆ 50 ಬಾರಿ ಗುರುತಿಸಿದವು. ಚೆಂಡಿನೊಳಗಿನ ಉಪಕರಣವು ಒದೆತದ ಕ್ಷಣವನ್ನು ಹಿಡಿಯಲು ಸೆಕೆಂಡಿಗೆ 500 ಬಾರಿ ಸಂಕೇತ ಕಳುಹಿಸಿತು. ನವೆಂಬರ್ 22ರಂದು ಸೌದಿ ಅರೇಬಿಯದ ರಕ್ಷಕರು ಧೈರ್ಯವಾಗಿ ಗೋಲಿನಿಂದ ಬಹುದೂರ ಸಾಲುಗಟ್ಟಿ ನಿಂತರು. ಮೊದಲರ್ಧದಲ್ಲಿಯೇ ಅರ್ಜೆಂಟೀನದ ಮೂರು ಗೋಲುಗಳು ಆಫ್‌ಸೈಡ್ ಎಂದು ರದ್ದಾದವು. ಪಂದ್ಯವನ್ನು ಸೌದಿಯವರು 2–1ರಿಂದ ಗೆದ್ದರು. ಮೆಕ್ರಾಕೆನ್‌ನ ಬಲೆ ನೂರು ವರ್ಷಗಳ ಬಳಿಕವೂ ಹರಿದಿಲ್ಲವೆಂಬುದಕ್ಕೆ ಇದು ಸಾಕ್ಷಿ. ಆದರೂ ಎಡವಿದ ಅರ್ಜೆಂಟೀನ ಎದ್ದುನಿಂತು ಅದೇ ಡಿಸೆಂಬರಿನಲ್ಲಿ ವಿಶ್ವಕಪ್ಪನ್ನೇ ಗೆದ್ದಿತು.

ಶಾಲಾ ಮೈದಾನದ ಪಾಠ

ನಮ್ಮ ಶಾಲಾ ಮೈದಾನಗಳಿಗೆ ಹನ್ನೆರಡು ಕ್ಯಾಮೆರಾಗಳು ಬರಲಾರವು, ಬರಬೇಕಾಗಿಯೂ ಇಲ್ಲ. ಒಂದು ಉದ್ದನೆಯ ಹಗ್ಗ, ಒಂದು ಶಿಳ್ಳು, ಎರಡು ಬಾವುಟ ಇದ್ದರೆ ಈ ಪಾಠಕ್ಕೆ ಸಾಕು. ಮಕ್ಕಳು ಆಡುತ್ತಿರಲಿ, ಚೆಂಡು ಮುಂದಕ್ಕೆ ದಾಟಿದ ಕ್ಷಣವೇ ಅಧ್ಯಾಪಕರು ಶಿಳ್ಳು ಊದಲಿ. ಎಲ್ಲರೂ ನಿಂತಲ್ಲೇ ಕಲ್ಲಾಗಿ ನಿಲ್ಲಬೇಕು. ಆಗ ಇಬ್ಬರು ಮಕ್ಕಳು ಹಗ್ಗವನ್ನು ಗೋಲುರೇಖೆಗೆ ಸಮಾನಾಂತರವಾಗಿ ಎರಡನೆಯ ಎದುರಾಳಿಯ ನೇರಕ್ಕೆ ಬಿಗಿದು ಹಿಡಿಯಲಿ. ಯಾರು ಎಲ್ಲಿದ್ದಾರೆಂಬುದು ಎಲ್ಲರಿಗೂ ಕಾಣುತ್ತದೆ. ಬಳಿಕ ಪ್ರತಿಯೊಬ್ಬ ವಿದ್ಯಾರ್ಥಿಗೂ ಸರದಿಯಂತೆ ಬಾವುಟ ಕೊಟ್ಟು, ಮೊದಲು ಹಗ್ಗದ ನೇರಕ್ಕೂ ಆಮೇಲೆ ಎರಡು ಹೆಜ್ಜೆ ಆಚೀಚೆಗೂ ನಿಲ್ಲಿಸಿ, ಅದೇ ದೃಶ್ಯವನ್ನು ನೋಡಿಸಬೇಕು. ಹೀಗೆ ಒಮ್ಮೆ ಎರಡೂ ಕಡೆಯಿಂದ ನೋಡಿದ ಬಾಲಕ ಮುಂದೆ ರೆಫರಿಯ ಮೇಲೆ ಕೂಗುವ ಮೊದಲು ಒಂದು ಕ್ಷಣ ಯೋಚಿಸುತ್ತಾನೆ. ನಾನು ಕಳೆದ ಹಲವು ವರ್ಷಗಳಿಂದ ಸಮಾನಾಂತರ ರೇಖೆಗಳ ಪಾಠವನ್ನು ಮೈದಾನದಲ್ಲಿಯೇ ಮುಗಿಸುತ್ತಿದ್ದೇನೆ. ಕಪ್ಪುಹಲಗೆಯ ಮುಂದೆ ತೂಕಡಿಸುವವರೂ ಅಲ್ಲಿ ಎಚ್ಚರವಾಗಿರುತ್ತಾರೆ.

ಆ ಹಳ್ಳಿಯ ಹುಡುಗನ ವಿಷಯಕ್ಕೆ ಮರಳುತ್ತೇನೆ. ಅವನು ಮೈದಾನದ ಆಚೆ ಬದಿಯಲ್ಲಿದ್ದ. ನಾನು ಉತ್ಸಾಹದಲ್ಲಿ ರಕ್ಷಕನನ್ನು ದಾಟಿ ಮೂರು ಹೆಜ್ಜೆ ಗೋಲಿನತ್ತ ಓಡಿದ್ದೆ. ಮನೆಗೆ ಬಂದು ಕಾಗದದ ಮೇಲೆ ಚಿತ್ರ ಬರೆದು ನೋಡಿದಾಗ, ಅವನು ರಕ್ಷಕನಿಗಿಂತ ಹಿಂದಿದ್ದರೂ ನನ್ನ ಕಣ್ಣಿಗೆ ಮುಂದಿದ್ದಂತೆಯೇ ಕಾಣುತ್ತಿದ್ದನೆಂಬುದು ಸ್ಪಷ್ಟವಾಯಿತು. ಅವನು ನಿಜವಾಗಿ ಎಲ್ಲಿದ್ದನೆಂದು ಇಂದಿಗೂ ನನಗೆ ತಿಳಿಯದು. ತಿಳಿಯುವಂಥ ಸ್ಥಳದಲ್ಲಿ ನಾನು ನಿಂತಿರಲಿಲ್ಲ ಎಂಬುದು ಮಾತ್ರ ತಿಳಿದಿದೆ. ಮರುದಿನ ಆ ಶಾಲೆಯ ಮುಖ್ಯೋಪಾಧ್ಯಾಯರಿಗೆ ಒಂದು ಪತ್ರ ಬರೆದೆ. ಫಲಿತಾಂಶ ಬದಲಾಗಲಿಲ್ಲ, ಬದಲಾಗುವುದೂ ಸಾಧ್ಯವಿರಲಿಲ್ಲ. ಆದರೆ ಆ ಪತ್ರವನ್ನು ಪ್ರಾರ್ಥನಾ ಸಮಯದಲ್ಲಿ ಎಲ್ಲ ಮಕ್ಕಳ ಮುಂದೆ ಓದಿ ಹೇಳಿದರೆಂದು ಅವರು ಮಾರೋಲೆಯಲ್ಲಿ ತಿಳಿಸಿದ್ದರು.

ಅಧ್ಯಾಪಕನ ಕೈಯಲ್ಲಿ ದಿನವೂ ಒಂದಲ್ಲ ಒಂದು ಬಾವುಟ ಇದ್ದೇ ಇರುತ್ತದೆ. ಅಂಕ ಕೊಡುವಾಗ, ಜಗಳ ತೀರಿಸುವಾಗ, ಒಬ್ಬನನ್ನು ಮುಂದಿನ ಬೆಂಚಿಗೂ ಇನ್ನೊಬ್ಬನನ್ನು ಹಿಂದಿನ ಬೆಂಚಿಗೂ ಕಳುಹಿಸುವಾಗ ನಾವು ಅದನ್ನು ಎತ್ತುತ್ತಲೇ ಇರುತ್ತೇವೆ. ಅದನ್ನು ಎತ್ತುವ ಮುನ್ನ ಹುಡುಗ ಎಲ್ಲಿದ್ದಾನೆಂದು ನೋಡುವುದರ ಜೊತೆಗೆ ನಾವು ಎಲ್ಲಿ ನಿಂತು ನೋಡುತ್ತಿದ್ದೇವೆಂದು ಕೇಳಿಕೊಳ್ಳುವ ಅಭ್ಯಾಸ ನಮ್ಮೆಲ್ಲರಿಗೂ ಬರಲೆಂದು ಹಾರೈಸಿ, ಈ ಚಿಕ್ಕ ವಿವೇಚನೆಯನ್ನು ಮುಗಿಸುತ್ತೇನೆ.